ಪಿಕಪ್‌ಗೆ ಹೊಸ ವೇಷ ಹಾಕಿ ಕಾರ್ ಶೋಗೆ ಹೊರಟಿದ್ದೀರಾ? ಮೊದಲು ಆರ್‌ಸಿ ತೆಗೆದು ನೋಡಿ

ಛತ್ರಪತಿ ಸಂಭಾಜಿನಗರದಿಂದ ಅಹಿಲ್ಯಾನಗರ, ಪುಣೆ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ವಾಳೂಜ್‌ನಲ್ಲಿ ಗಾಡಿಯೊಂದರ ವೇಷ ಬದಲಿಸುವುದು ಕಷ್ಟದ ಕೆಲಸವಲ್ಲ. ಬಜಾಜ್ ಆಟೊ 1985ರಲ್ಲಿ ಇಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಅದರ ಸುತ್ತ ಬಿಡಿಭಾಗ ತಯಾರಿಸುವ ಕಂಪನಿಗಳು ಬೆಳೆದವು. ಎಂಡ್ಯೂರೆನ್ಸ್, ವರೋಕ್‌ನಂಥ ದೊಡ್ಡ ಹೆಸರುಗಳ ನೆರಳಲ್ಲಿ ತಗಡು ಬಗ್ಗಿಸುವ, ಪೈಪ್ ಬೆಸೆಯುವ, ಪೌಡರ್ ಕೋಟಿಂಗ್ ಮಾಡುವ ಸಣ್ಣ ಶೆಡ್‌ಗಳೂ ಹುಟ್ಟಿಕೊಂಡವು. ದಿನವಿಡೀ ಗಾಡಿಯ ಭಾಗಗಳನ್ನೇ ಮಾಡುವ ಕೈಗಳಿರುವ ಊರಿನಲ್ಲಿ ಪಿಕಪ್‌ಗೆ ಹೊಸ ಬಂಪರ್, ಹೊಸ ಲೋಡ್ ಬಾಡಿ, ಕಣ್ಣು ಕೋರೈಸುವ ಬಣ್ಣ ಬೇಕೆಂದರೆ ಮಾಡಿಕೊಡುವವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಕರ್ನಾಟಕದ ಗಾಡಿಗಳಿಗೂ ಈ ಊರು ಹೊಸದಲ್ಲ. ಅಂಕೋಲಾದಿಂದ ಹೊರಡುವ 52ನೇ ರಾಷ್ಟ್ರೀಯ ಹೆದ್ದಾರಿ ಹುಬ್ಬಳ್ಳಿ, ವಿಜಯಪುರ, ಸೋಲಾಪುರ, ಧಾರಾಶಿವ, ಬೀಡ್ ದಾಟಿ ಛತ್ರಪತಿ ಸಂಭಾಜಿನಗರಕ್ಕೇ ಬರುತ್ತದೆ. ಕೆಎ-28 ಅಥವಾ ಕೆಎ-32 ನಂಬರಿನ ಗಾಡಿ ವಿಜಯಪುರದಲ್ಲಿ ಹತ್ತಿದ ಹೆದ್ದಾರಿಯನ್ನು ಬಿಡದೆ ಎಂಎಚ್-20 ಸೀಮೆಗೆ ಬಂದು ಮುಟ್ಟಬಹುದು.

ಬೆಳ್ಳಿ ಬಣ್ಣದ ರಿಮ್, ಎತ್ತರಿಸಿದ ಸಸ್ಪೆನ್ಷನ್, ಲೋಡ್ ಬಾಡಿಯಲ್ಲಿ ಸ್ಪೀಕರ್ ಗೋಡೆ ಎಲ್ಲ ಸಿದ್ಧವಾದ ಮೇಲೆ ಅದನ್ನು ನಾಲ್ಕು ಜನ ನೋಡಲಿ ಎನಿಸುವುದು ಸಹಜ. ವಾರಾಂತ್ಯದ ಕಾರ್ ಶೋಗಳು ಇರುವುದೇ ಅದಕ್ಕೆ. ಅಲ್ಲಿ ತೀರ್ಪುಗಾರರು ಕೆಲಸದ ನಾಜೂಕು ನೋಡಿ ಅಂಕ ಕೊಡುತ್ತಾರೆ. ಆದರೆ ಗಾಡಿ ಅಲ್ಲಿಗೆ ಹೋಗುವುದು ಸಾರ್ವಜನಿಕ ರಸ್ತೆಯ ಮೇಲೆ, ಮರಳುವುದೂ ಅದೇ ರಸ್ತೆಯ ಮೇಲೆ. ಅಲ್ಲಿ ನಿಲ್ಲಿಸುವ ಆರ್‌ಟಿಒ ಇನ್‌ಸ್ಪೆಕ್ಟರ್ ನೋಡುವುದು ಬಣ್ಣದ ಹೊಳಪನ್ನಲ್ಲ, ಆರ್‌ಸಿಯಲ್ಲಿ ಬರೆದದ್ದಕ್ಕೂ ಕಣ್ಣೆದುರು ನಿಂತದ್ದಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು. ಸಾಲ ಮಾಡಿ ಕೊಂಡ ಒಂದೇ ಪಿಕಪ್‌ನಿಂದ ಮನೆ ನಡೆಸುವವರಿಗೆ ಟ್ರೋಫಿಗಿಂತ ಈ ಎರಡನೇ ಪರೀಕ್ಷೆ ದೊಡ್ಡದು. ನೋಂದಣಿ ಅಮಾನತಾದರೆ ಬಾಡಿಗೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಮಾಡಿಫಿಕೇಷನ್ ಎಂದರೆ ಕಾನೂನಿಗೆ ಏನು?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಈ ವಿಷಯದ ಬುನಾದಿ. ತಯಾರಕ ಕಂಪನಿ ಮೊದಲು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು ಎನ್ನುತ್ತದೆ ಅದು. ‘ಬದಲಾವಣೆ’ ಎಂದರೆ ಏನು ಎಂಬುದನ್ನೂ ಅದೇ ಕಲಂ ಹೇಳುತ್ತದೆ: ವಾಹನದ ಮೂಲ ಲಕ್ಷಣವೇ ಬೇರೆಯಾಗುವಂತೆ ಅದರ ರಚನೆಯಲ್ಲಿ ಮಾಡುವ ಮಾರ್ಪಾಡು.

ಈ ವ್ಯಾಖ್ಯಾನವನ್ನು ಗಮನವಿಟ್ಟು ಓದಬೇಕು. ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್, ಡ್ಯಾಶ್‌ಬೋರ್ಡಿನ ಅಲಂಕಾರ ರಚನೆಯ ಬದಲಾವಣೆಯಲ್ಲ. ಚಾಸಿಸ್ ಕತ್ತರಿಸಿ ಉದ್ದ ಮಾಡುವುದು, ಕ್ಯಾಬಿನ್‌ನ ಚಾವಣಿ ತೆಗೆಯುವುದು, ತೆರೆದ ಲೋಡ್ ಬಾಡಿಯನ್ನು ಮುಚ್ಚಿದ ಕೋಣೆಯಾಗಿ ಮಾಡುವುದು ಖಂಡಿತ ಹೌದು. ಇವೆರಡರ ನಡುವೆ ಬರುವ ಕೆಲಸಗಳಲ್ಲೇ ಹೆಚ್ಚಿನವರು ಸಿಕ್ಕಿಬೀಳುವುದು.

2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಈ ಕಲಂಗೆ ಕೊಟ್ಟ ಅರ್ಥ ಗ್ಯಾರೇಜುಗಳ ತನಕ ಸದ್ದು ಮಾಡಿತು. ಕೇರಳದಿಂದ ಬಂದ ಪ್ರಕರಣ ಅದು. ರಾಜ್ಯದ ನಿಯಮದಡಿ ಅನುಮತಿ ಪಡೆದು ಬಾಡಿ ಬದಲಿಸಬಹುದು ಎಂಬ ಹೈಕೋರ್ಟ್ ನಿಲುವನ್ನು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರನ್ ಅವರ ಪೀಠ ಒಪ್ಪಲಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗುವ ಬದಲಾವಣೆಗೆ ಅವಕಾಶವಿಲ್ಲ ಎಂದು ಪೀಠ ಹೇಳಿತು. ಅಂದರೆ ‘ಆರ್‌ಟಿಒ ಕಚೇರಿಯಲ್ಲಿ ಹೇಗೋ ಎಂಟ್ರಿ ಮಾಡಿಸಿಕೊಳ್ಳೋಣ’ ಎಂಬ ಹಳೆಯ ಧೈರ್ಯಕ್ಕೆ ಈಗ ಆಧಾರವಿಲ್ಲ.

ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ 182ಎ ಕಲಂ ಬಂತು. ಅನುಮತಿಯಿಲ್ಲದ ರೀತಿಯಲ್ಲಿ ವಾಹನ ಬದಲಿಸಿದ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ‘ಪ್ರತಿ ಬದಲಾವಣೆಗೆ’ ಎಂಬ ಮಾತನ್ನು ಮರೆಯಬಾರದು. ಬಂಪರ್‌ಗೆ ಒಂದು, ಸಸ್ಪೆನ್ಷನ್‌ಗೆ ಇನ್ನೊಂದು, ಬಾಡಿಗೆ ಮತ್ತೊಂದು ಎಂದು ಲೆಕ್ಕ ಬೆಳೆಯುತ್ತಾ ಹೋಗಬಹುದು.

ಬಾಗಿಲು ಪೂರ್ತಿ ಮುಚ್ಚಿಲ್ಲ. ಅಂಗವಿಕಲರು ಓಡಿಸಲು ಅನುಕೂಲವಾಗುವಂತೆ ವಾಹನ ಹೊಂದಿಸಿಕೊಳ್ಳಲು ಅವಕಾಶವಿದೆ. ಮಾನ್ಯತೆ ಪಡೆದ ಸಿಎನ್‌ಜಿ ಕಿಟ್ ಅಥವಾ ಎಲೆಕ್ಟ್ರಿಕ್ ಕಿಟ್ ಅಳವಡಿಸಿ ಇಂಧನದ ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದು. ಮಾಲೀಕರು ಬದಲಾವಣೆಯನ್ನು 14 ದಿನಗಳೊಳಗೆ ತಾವಿರುವ ಊರಿನ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದೂ 52ನೇ ಕಲಂನಲ್ಲೇ ಇದೆ. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಕ್ಷೇಮ. ಅವರ ಪಾಲಿಗೆ ಆ ಪಿಕಪ್ ಅಡವಿಟ್ಟ ಆಸ್ತಿ. ಅದನ್ನು ಹೇಳದೆ ಕತ್ತರಿಸಿದರೆ ತಕರಾರು ಬರುವುದು ಸಹಜ.

ಬಣ್ಣದಿಂದ ಹಾರ್ನ್‌ವರೆಗೆ

ಅಂದಗೊಳಿಸುವ ಕೆಲಸದಲ್ಲಿ ಅತ್ಯಂತ ಸುರಕ್ಷಿತವಾದದ್ದು ಬಣ್ಣ. ರಚನೆ ಬದಲಾಗುವುದಿಲ್ಲ. ಆದರೆ ಆರ್‌ಸಿಯಲ್ಲಿ ಬಣ್ಣದ ಕಾಲಂ ಇದೆ. ಬಿಳಿ ಪಿಕಪ್ ಕಡುನೀಲಿಯಾದರೆ ಆ ಕಾಲಂ ತಿದ್ದಿಸಲೇಬೇಕು. ಒಂದು ಬಣ್ಣವನ್ನಂತೂ ಯಾರೂ ಬಳಿಯುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಸೇನೆಯ ಮೇಲಿನ ಅಭಿಮಾನದಿಂದ ಹಳೆ ಜೀಪಿಗೂ ಕ್ಯಾಂಪರ್‌ಗೂ ಇದೇ ಬಣ್ಣ ಬಳಿಸುವವರು ಶೋಗಳಲ್ಲಿ ಕಡಿಮೆಯೇನಿಲ್ಲ.

ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಕಟ್ಟಿಸದಿದ್ದರೆ ಪಿಕಪ್‌ಗೆ ಗತ್ತೇ ಇಲ್ಲ ಎನ್ನುವವರಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್ ಹಾಕಿದ ವಾಹನಗಳ ಮೇಲೆ ಕ್ರಮ ಕೈಗೊಳ್ಳಲು ಸೂಚಿಸಿತು. ಪಾದಚಾರಿಗೆ ಗುದ್ದಿದಾಗ ಬಂಪರ್ ಮಣಿದು ಪೆಟ್ಟನ್ನು ತಗ್ಗಿಸಬೇಕು, ಕಬ್ಬಿಣದ ಚೌಕಟ್ಟು ಮಣಿಯುವುದಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಮುಂಭಾಗದ ಸೆನ್ಸರ್‌ಗೆ ಡಿಕ್ಕಿಯ ಸುಳಿವು ಸರಿಯಾಗಿ ತಲುಪದೆ ಒಳಗಿದ್ದವರಿಗೂ ಅಪಾಯವಾಗಬಹುದು.

ಬೆಳಕಿನ ವಿಷಯದಲ್ಲಿ ನಿಯಮ ಸರಳ. ಮುಂಭಾಗದಲ್ಲಿ ಕೆಂಪು ಬೆಳಕು ಕಾಣಿಸಬಾರದು. ಹಿಂಭಾಗದಲ್ಲಿ ಇಂಡಿಕೇಟರ್, ರಿವರ್ಸ್ ಮತ್ತು ನಂಬರ್ ಪ್ಲೇಟ್ ದೀಪ ಬಿಟ್ಟರೆ ಕೆಂಪಲ್ಲದ ಬೆಳಕು ಇರಬಾರದು. ಚಾವಣಿಯ ಮೇಲೆ ಸಾಲಾಗಿ ಕೂರಿಸಿದ ಸ್ಪಾಟ್‌ಲೈಟ್‌ಗಳನ್ನು ನೋಂದಣಿ ಅಧಿಕಾರಿಯ ಅನುಮತಿಯಿಲ್ಲದೆ ಮುಂದಕ್ಕೆ ಬೀರುವಂತಿಲ್ಲ. ರಾತ್ರಿ ಎದುರಿಗೆ ಬರುವ ಬೈಕ್ ಸವಾರನಿಗೆ ಆ ಬೆಳಕಿನ ಹಿಂದೆ ಪಿಕಪ್ ಇದೆಯೋ ಲಾರಿ ಇದೆಯೋ ಗೊತ್ತಾಗುವುದಿಲ್ಲ.

ಹಾರ್ನ್ ವಿಷಯಕ್ಕೆ ಬಂದರೆ, ಒಂದರ ಹಿಂದೆ ಒಂದು ಸ್ವರ ಹೊರಡಿಸುವ ಮ್ಯೂಸಿಕಲ್ ಹಾರ್ನ್ ಮತ್ತು ಕಿವಿ ಗಡಚಿಕ್ಕುವ ಕರ್ಕಶ ಹಾರ್ನ್‌ಗಳನ್ನು 119ನೇ ನಿಯಮ ನಿಷೇಧಿಸಿದೆ. ಗಾಜಿಗೆ ಮುಂದೆ ಮತ್ತು ಹಿಂದೆ ಕನಿಷ್ಠ ಶೇ 70, ಪಕ್ಕದ ಕಿಟಕಿಗಳಿಗೆ ಕನಿಷ್ಠ ಶೇ 50 ಬೆಳಕು ಹಾಯಬೇಕು. ಸುಪ್ರೀಂ ಕೋರ್ಟ್ 2012ರಲ್ಲೇ ಕಪ್ಪು ಫಿಲ್ಮ್ ವಿರುದ್ಧ ಕಟ್ಟುನಿಟ್ಟಿನ ಆದೇಶ ನೀಡಿದೆ. ಗುಡುಗುಡು ಸದ್ದಿಗಾಗಿ ಸೈಲೆನ್ಸರ್ ಬದಲಿಸಿದರೆ ಶಬ್ದದ ಮಿತಿ ಮೀರುತ್ತದೆ, ಹೊಗೆ ತಪಾಸಣೆಯಲ್ಲೂ ತೊಡಕಾಗಬಹುದು.

ಟೈರ್ ಮತ್ತು ಎತ್ತರದ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅದೇ ಮಾದರಿಯ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ಅಳತೆಯ ಟೈರ್ ಹಾಕಿಸಿದರೆ ಸಾಮಾನ್ಯವಾಗಿ ತಕರಾರಿಲ್ಲ. ಅದಕ್ಕಿಂತ ದೊಡ್ಡ ಟೈರ್ ಹಾಕಿದರೆ ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಗಾಡಿ ವೇಗವಾಗಿ ಓಡುತ್ತಿರುತ್ತದೆ, ಬ್ರೇಕ್ ಹಿಡಿಯಬೇಕಾದ ದೂರವೂ ಹೆಚ್ಚುತ್ತದೆ. ಸಸ್ಪೆನ್ಷನ್ ಎತ್ತರಿಸಿದರೆ ಗಾಡಿಯ ಗುರುತ್ವ ಕೇಂದ್ರ ಮೇಲಕ್ಕೇರಿ ತಿರುವಿನಲ್ಲಿ ಮಗುಚುವ ಅಪಾಯ ಬೆಳೆಯುತ್ತದೆ. ಖಾಲಿ ಪಿಕಪ್‌ನಲ್ಲಿ ಗೊತ್ತಾಗದ ಈ ವ್ಯತ್ಯಾಸ ಮೇಲೆ ಸ್ಪೀಕರ್ ಗೋಡೆ ಕೂರಿಸಿದಾಗ ಗೊತ್ತಾಗುತ್ತದೆ. ರಿಮ್ ಹೊರಕ್ಕೆ ಚಾಚಿ ಅಗಲ ಹೆಚ್ಚಿಸುವಾಗಲೂ ವಾಹನದ ಒಟ್ಟು ಅಗಲ 2.6 ಮೀಟರ್ ದಾಟಬಾರದೆಂಬ ಮಿತಿ ಇದ್ದೇ ಇದೆ. ಇಂಥ ಕೆಲಸಗಳಿಗೆ ಗ್ಯಾರೇಜಿನವರು ಬಿಲ್ ಕೊಡುತ್ತಾರೆ, ಹೊಣೆ ಮಾತ್ರ ಮಾಲೀಕರದ್ದೇ.

ಲಾರಿಗಳ ಹಿಂಬದಿ ಕೆಳಗಿರುವ ಅಡ್ಡಪಟ್ಟಿಯನ್ನು ‘ಲುಕ್ ಕೆಡಿಸುತ್ತದೆ’ ಎಂದು ಶೋಗಾಗಿ ಬಿಚ್ಚಿಡುವುದುಂಟು. ಹಿಂದಿನಿಂದ ಬರುವ ಕಾರು ಲಾರಿಯಡಿ ನುಗ್ಗದಂತೆ ತಡೆಯುವುದು ಆ ಪಟ್ಟಿಯೇ. ಅದನ್ನೂ ರಿಫ್ಲೆಕ್ಟಿವ್ ಟೇಪನ್ನೂ ಬಿಚ್ಚಿ ರಾತ್ರಿ ಹೆದ್ದಾರಿಗೆ ಇಳಿಯುವುದು ಶುದ್ಧ ಹುಚ್ಚುತನ.

ಒಂದು ಜೀಪು, ಒಂದು ವ್ಯಾನ್

ಪ್ರದರ್ಶನಕ್ಕೆ ಯೋಗ್ಯವಾದ ಗಾಡಿ ರಸ್ತೆಗೂ ಯೋಗ್ಯವಾಗಿರಬೇಕಿಲ್ಲ ಎಂಬುದಕ್ಕೆ ಕನ್ನಡ ಸೀಮೆಯ ಅಂಚಿನಲ್ಲೇ ನಡೆದ ಉದಾಹರಣೆಯಿದೆ. ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ಹೊಂದಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕಮ್ಮಾರರೊಬ್ಬರು ಗುಜರಿ ಸಾಮಾನು ಸೇರಿಸಿ, ಬೈಕಿನಂತೆ ಕಿಕ್ ಹೊಡೆದು ಶುರು ಮಾಡುವ ಪುಟ್ಟ ಜೀಪ್ ಕಟ್ಟಿದ್ದರು. ಖರ್ಚು ಸುಮಾರು 60,000 ರೂಪಾಯಿ. 2021ರ ಡಿಸೆಂಬರ್‌ನಲ್ಲಿ ಅದರ ವಿಡಿಯೊ ಹರಿದಾಡಿದಾಗ ಉದ್ಯಮಿ ಆನಂದ್ ಮಹೀಂದ್ರಾ ಅವರ ಜಾಣ್ಮೆಯನ್ನು ಮೆಚ್ಚಿದರು. ಜೊತೆಗೆ, ಇದು ನಿಯಮಗಳಿಗೆ ಹೊಂದುವುದಿಲ್ಲವಾದ್ದರಿಂದ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆ ಎಂದೂ ಹೇಳಿ, ಆ ಜೀಪಿಗೆ ಬದಲಾಗಿ ಹೊಸ ಬೊಲೆರೊ ಕೊಡುವುದಾಗಿ ಪ್ರಕಟಿಸಿದರು. 2022ರ ಜನವರಿಯಲ್ಲಿ ಬೊಲೆರೊ ಆ ಕುಟುಂಬದ ಕೈ ಸೇರಿತು. ಕೈಯಾರೆ ಕಟ್ಟಿದ ಜೀಪು ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಇಡುವ ವಸ್ತುವಾಯಿತು.

ಇನ್ನೊಂದು ಪ್ರಕರಣ ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯದು. ಅದರ ಅಂತ್ಯ ಇಷ್ಟು ಹಿತವಾಗಿರಲಿಲ್ಲ. ಊರೂರು ಸುತ್ತಿ ವಿಡಿಯೊ ಮಾಡುತ್ತಿದ್ದ ಸಹೋದರರಿಬ್ಬರು ವ್ಯಾನ್ ಒಂದನ್ನು ಮನೆಯಂತೆ ಮಾರ್ಪಡಿಸಿಕೊಂಡಿದ್ದರು. 2021ರ ಆಗಸ್ಟ್‌ನಲ್ಲಿ ಮೋಟಾರು ವಾಹನ ಇಲಾಖೆ ಅದನ್ನು ವಶಕ್ಕೆ ಪಡೆಯಿತು. ಆರ್‌ಟಿಒ ಕಚೇರಿಯಲ್ಲಿ ಜಟಾಪಟಿಯಾಗಿ ಸಹೋದರರ ಬಂಧನವೂ ಆಯಿತು, ವ್ಯಾನ್‌ನ ನೋಂದಣಿ ಅಮಾನತಾಯಿತು. ಅಭಿಮಾನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಎಷ್ಟೇ ಗದ್ದಲ ಎಬ್ಬಿಸಿದರೂ 52ನೇ ಕಲಂ ಕದಲಲಿಲ್ಲ.

ಹಳೆಯ ಗಾಡಿಗೆ ಇರುವ ರಿಯಾಯಿತಿ

ಪ್ರದರ್ಶನಕ್ಕೆಂದೇ ಇಟ್ಟುಕೊಂಡ ವಾಹನವನ್ನು ಭಾರತದ ನಿಯಮಗಳು ಗುರುತಿಸುವುದೇ ಇಲ್ಲ ಎಂದೇನಲ್ಲ. 2021ರ ಜುಲೈನಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮಗಳಲ್ಲಿ ಅದಕ್ಕೆ ಜಾಗವಿದೆ. 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷಗಳ ಅವಧಿ, ನವೀಕರಣಕ್ಕೆ 5,000 ರೂಪಾಯಿ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಸಂಶೋಧನೆ, ರಿಪೇರಿ, ಇಂಧನ ತುಂಬಿಸುವುದು ಇಂಥ ಉದ್ದೇಶಗಳಿಗೆ ಮಾತ್ರ ಅದು ರಸ್ತೆಗಿಳಿಯಬಹುದು.

ವಿಚಿತ್ರವೆಂದರೆ ಶರತ್ತು ಕಸ್ಟಮ್ ಗಾಡಿಗೆ ತದ್ವಿರುದ್ಧವಾಗಿದೆ. ವಾಹನ ತನ್ನ ಮೂಲ ರೂಪದಲ್ಲೇ ಉಳಿದಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು, ವಾಣಿಜ್ಯ ಬಳಕೆಯದ್ದಾಗಿರಬಾರದು. ಹಾಗಾಗಿ ಅಜ್ಜನ ಕಾಲದ ಕಾರನ್ನು ಹಾಗೇ ಉಳಿಸಿಕೊಂಡವರಿಗೆ ರಸ್ತೆಯಲ್ಲಿ ಕಾನೂನಿನ ರಕ್ಷಣೆ ಇದೆ. ಹಳದಿ ಬೋರ್ಡಿನ ಪಿಕಪ್‌ಗೆ ಹೊಸ ರೂಪ ಕೊಟ್ಟವರಿಗೆ ಇಂಥ ‘ಶೋ ನೋಂದಣಿ’ ಇಲ್ಲ. ಅವರದು ವಾರದ ಏಳೂ ದಿನ ಮಾಮೂಲಿ ಸರಕು ವಾಹನ. ಈ ಅಂತರ ನ್ಯಾಯವೇ ಎಂದು ಕೇಳಬಹುದು. ಕಸ್ಟಮ್ ಗಾಡಿಗಳನ್ನು ಪರೀಕ್ಷಿಸಿ, ಪಾಸಾದರೆ ಪ್ರಮಾಣಪತ್ರ ಕೊಡುವ ದಾರಿಯೊಂದು ಸಾಮಾನ್ಯ ಮಾಲೀಕರಿಗೂ ಇದ್ದಿದ್ದರೆ ಕದ್ದುಮುಚ್ಚಿ ಮಾಡುವ ಅರೆಬರೆ ವೆಲ್ಡಿಂಗ್ ಕಡಿಮೆಯಾಗುತ್ತಿತ್ತು.

ಲಾರಿಯ ಶೃಂಗಾರಕ್ಕೆ ಹಳೆಯ ಇತಿಹಾಸ

ಗಾಡಿ ಶೃಂಗರಿಸುವ ಹುಚ್ಚು ಕಾರ್ ಕ್ಲಬ್‌ಗಳಿಂದ ಬಂದದ್ದಲ್ಲ. ಭಾರತದಲ್ಲಿ ಲಾರಿಯ ಚಾಸಿಸ್ ಕೊಂಡು, ಬಾಡಿಯನ್ನು ಬೇರೆ ಕಡೆ ಕಟ್ಟಿಸುವುದು ದಶಕಗಳ ರೂಢಿ. ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಈ ಕೆಲಸಕ್ಕೆ ಹೆಸರಾದ ಊರುಗಳು. ಮರ, ತಗಡು, ಹಿತ್ತಾಳೆಯ ಕೆಲಸ, ಮುಂದೆ ಮನೆದೇವರ ಹೆಸರು, ಹಿಂದೆ ಮಕ್ಕಳ ಹೆಸರು, ಬಾಗಿಲ ಮೇಲೆ ನವಿಲು, ಕಮಲ, ಹುಲಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗೆ ಬರುವ ಗಾಡಿಗಳಿಗೂ ಗೊಂಡೆ, ಬಣ್ಣದ ಪಟ್ಟಿ, ದೊಡ್ಡ ಸ್ಪೀಕರ್ ಬೇಕೇ ಬೇಕು. ಬಂಡಿಯ ಎತ್ತುಗಳಿಗೆ ಕೋಡಣಸು, ಜೂಲ ಹಾಕಿ ಮೆರೆಸುತ್ತಿದ್ದವರ ಮೊಮ್ಮಕ್ಕಳೇ ಅಲ್ಲವೇ ಇವರು?

ಈ ಕಲೆಗೂ ಕಾಲಕಾಲಕ್ಕೆ ಕಡಿವಾಣ ಬಿದ್ದಿದೆ. ಲಾರಿಗಳ ಬೆನ್ನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಬರಹವನ್ನು ಮಹಾರಾಷ್ಟ್ರ 2015ರಲ್ಲಿ ನಿಷೇಧಿಸಿತು, ಅನಗತ್ಯ ಹಾರ್ನ್‌ಗೆ ಅದು ಪ್ರಚೋದನೆ ಎಂಬ ಕಾರಣ ಕೊಟ್ಟು. ಲಾರಿ ಬಾಡಿಗೆ ಈಗ ಎಐಎಸ್-093 ಎಂಬ ಮಾನದಂಡವಿದೆ. ಕಂಪನಿಯಲ್ಲೇ ತಯಾರಾದ ಕ್ಯಾಬಿನ್‌ನೊಂದಿಗೆ ಬರುವ ಲಾರಿಗಳು ಹೆಚ್ಚಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ 3.5 ಟನ್‌ಗಿಂತ ಹೆಚ್ಚು ಒಟ್ಟು ತೂಕದ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಚಾಲಕರಿಗೆ ಇದರಿಂದ ನಿಜಕ್ಕೂ ನೆಮ್ಮದಿ. ಆದರೆ ಕ್ಯಾಬಿನ್‌ನ ಮರಗೆಲಸ, ಬಣ್ಣಗಾರಿಕೆ ನಂಬಿದ್ದವರ ಕೆಲಸ ಕುಗ್ಗುತ್ತಿದೆ.

ಜಪಾನಿನಲ್ಲೂ ಇಂಥದ್ದೇ ಕಥೆ. ಅಲ್ಲಿನ ಲಾರಿ ಚಾಲಕರು ಸಾವಿರಾರು ಬಲ್ಬು, ಕ್ರೋಮ್ ತಗಡು, ಬಾಡಿಯುದ್ದಕ್ಕೂ ಚಿತ್ರಗಳಿಂದ ಸಿಂಗರಿಸುವ ‘ಡೆಕೊಟೋರಾ’ ಗಾಡಿಗಳು 1975ರಲ್ಲಿ ಶುರುವಾದ ‘ಟೊರಾಕ್ಕು ಯಾರೊ’ ಸಿನಿಮಾ ಸರಣಿಯಿಂದ ದೇಶದಾದ್ಯಂತ ಜನಪ್ರಿಯವಾದವು. ನಿಯಮಗಳು ಬಿಗಿಯಾದಂತೆ ದಿನನಿತ್ಯದ ಸಾಗಣೆಯಿಂದ ಅವು ಹಿಂದೆ ಸರಿದವು. ಈಗ ಹೆಚ್ಚಾಗಿ ಕಾಣುವುದು ಮಾಲೀಕರ ಕೂಟಗಳಲ್ಲಿ, ಸಹಾಯಾರ್ಥ ಪ್ರದರ್ಶನಗಳಲ್ಲಿ.

ವಿಮೆಯ ಸಣ್ಣಕ್ಷರ

ಶೋಗೆ ಹೋಗುವವರು ಅತ್ಯಂತ ಕಡಿಮೆ ಗಮನ ಕೊಡುವುದು ವಿಮೆಗೆ. ಗಾಡಿ ಕೊಂಡಾಗ ಇದ್ದ ಬೆಲೆ, ಇದ್ದ ಭಾಗಗಳ ಮೇಲೆ ಪಾಲಿಸಿ ಬರೆದಿರುತ್ತಾರೆ. ನಂತರ ಹಾಕಿಸಿದ ಆಂಪ್ಲಿಫೈಯರ್, ದೀಪ, ದುಬಾರಿ ರಿಮ್‌ಗಳನ್ನು ಕಂಪನಿಗೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸದಿದ್ದರೆ ಕಳ್ಳತನವಾದಾಗ ಅವುಗಳ ಬೆಲೆ ಕೈಗೆ ಬರುವುದಿಲ್ಲ. ರಚನೆಯನ್ನೇ ಬದಲಿಸಿ ತಿಳಿಸದೆ ಇದ್ದರೆ ಗಾಡಿಯ ಹಾನಿಯ ಕ್ಲೇಮನ್ನೇ ಕಂಪನಿ ಪ್ರಶ್ನಿಸಬಹುದು.

ಇದಕ್ಕಿಂತ ಭಯ ಹುಟ್ಟಿಸುವುದು ಮೂರನೆಯವರಿಗೆ ಆಗುವ ಹಾನಿ. ಪಾಲಿಸಿಯ ಶರತ್ತು ಮುರಿದ ಪ್ರಕರಣಗಳಲ್ಲಿ, ಮೊದಲು ಸಂತ್ರಸ್ತರಿಗೆ ಪರಿಹಾರ ಕೊಟ್ಟು ನಂತರ ಆ ಮೊತ್ತವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಾಲಯಗಳು ವಿಮಾ ಕಂಪನಿಗಳಿಗೆ ಹೇಳಿದ್ದುಂಟು. ಸಾವು ಸಂಭವಿಸಿದ ಅಪಘಾತದ ಪರಿಹಾರ ಲಕ್ಷಗಳಲ್ಲಿರುತ್ತದೆ. ಒಂದು ಪಿಕಪ್ ದುಡಿದು ತೀರಿಸುವ ಮೊತ್ತವಲ್ಲ ಅದು.

ಮೋಟಾರು ಪಾಲಿಸಿಗಳಲ್ಲಿ ‘ಬಳಕೆಯ ಮಿತಿ’ ಎಂಬ ಭಾಗವಿರುತ್ತದೆ. ಸಂಘಟಿತ ರೇಸ್, ವೇಗ ಪರೀಕ್ಷೆ, ಸಾಮರ್ಥ್ಯ ಪರೀಕ್ಷೆಗೆ ರಕ್ಷಣೆಯಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಗಾಡಿ ನಿಲ್ಲಿಸಿ ತೋರಿಸುವುದು ಬೇರೆ. ಸಂಜೆ ಆಯೋಜಕರು ಮೈಕಿನಲ್ಲಿ ಕೂಗಿದಾಗ ಹುರುಪಿಗೆ ಟೈರ್ ಸುಡುವುದು, ಅಕ್ಕಪಕ್ಕದ ಗಾಡಿಯೊಂದಿಗೆ ಓಟಕ್ಕಿಳಿಯುವುದು ಬೇರೆ. ‘ಖಾಸಗಿ ಮೈದಾನ, ಇಲ್ಲಿ ಯಾರ ಕಾನೂನೂ ಇಲ್ಲ’ ಎಂಬ ಮಾತನ್ನೂ ನಂಬುವಂತಿಲ್ಲ. ಜನರಿಗೆ ಪ್ರವೇಶದ ಹಕ್ಕಿರುವ ಜಾಗ ದಾರಿಯಲ್ಲದಿದ್ದರೂ ಅದನ್ನು ‘ಸಾರ್ವಜನಿಕ ಸ್ಥಳ’ ಎಂದೇ ಮೋಟಾರು ವಾಹನ ಕಾಯ್ದೆ ಪರಿಗಣಿಸುತ್ತದೆ.

ದಾರಿಯ ಲೆಕ್ಕಾಚಾರ

ವಾಳೂಜ್‌ನಿಂದ ನಾಶಿಕ್ ಕಡೆಗೆ ಹೊರಟವರಿಗೆ ಎರಡು ದಾರಿ. ಒಂದು ವೈಜಾಪುರ, ಯೇವಲಾ, ನಿಫಾಡ್ ಮೂಲಕ ಹೋಗುವ ಹಳೆಯ ರಸ್ತೆ. ಇನ್ನೊಂದು ನಾಗಪುರ–ಮುಂಬೈ ನಡುವಿನ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗ. 2025ರ ಜೂನ್‌ನಲ್ಲಿ ಕೊನೆಯ ಹಂತ ತೆರೆದ ಮೇಲೆ ಅದು ಪೂರ್ಣವಾಗಿದೆ. ಶೋಗೆ ಒಯ್ಯುತ್ತಿರುವುದು ವಾಳೂಜ್‌ನಲ್ಲೇ ತಯಾರಾದ ಮೂರು ಚಕ್ರದ ಸರಕು ಆಟೊ ಆಗಿದ್ದರೆ ಹಳೆಯ ರಸ್ತೆಯೇ ಗತಿ. ಸಮೃದ್ಧಿ ಮಾರ್ಗದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಪಿಕಪ್‌ಗೆ ಪ್ರವೇಶವಿದೆ. ಆದರೆ ಕಾಂಕ್ರೀಟ್ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವಾಗ ಟೈರ್ ಬಿಸಿಯೇರುತ್ತದೆ. ಶೋಗಾಗಿ ಅಗ್ಗಕ್ಕೆ ತಂದ ಸೆಕೆಂಡ್ ಹ್ಯಾಂಡ್ ಅಗಲ ಟೈರ್‌ಗೆ ಅದು ಕಠಿಣ ಪರೀಕ್ಷೆ.

ಲೈಸೆನ್ಸ್ ವಿಷಯದಲ್ಲಿ ಒಂದು ಗೊಂದಲ ತೀರಿದೆ. ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಬೇರೆ ನಮೂದಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಲೋಡ್ ಬಾಡಿಯಲ್ಲಿ ಗೆಳೆಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಶೋಗೆ ಹೋಗುವುದು ಮಾತ್ರ ಸಲ್ಲದು. ಸರಕು ವಾಹನ ಸರಕಿಗೇ. ಅಲ್ಲಿ ಕುಳಿತವರಿಗೆ ಏನಾದರೂ ಆದರೆ ವಿಮೆಯ ಮಾತು ಇನ್ನಷ್ಟು ಜಟಿಲವಾಗುತ್ತದೆ.

ಕೆಲಸಕ್ಕೆಂದು ವಾಳೂಜ್‌ಗೆ ಬಂದು ನೆಲೆಸಿರುವ ಕನ್ನಡಿಗರು ಊರಿನ ನಂಬರಿನ ಗಾಡಿಯನ್ನೇ ಓಡಿಸುತ್ತಿದ್ದರೆ ಇನ್ನೊಂದು ಸಂಗತಿ ನೆನಪಿಡಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದ ವಾಹನಕ್ಕೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ನಮೂನೆ 28ರಲ್ಲಿ ಎನ್‌ಒಸಿ ಬೇಕು. ಹೊಸ ಊರಿನ ತಪಾಸಣೆಯಲ್ಲಿ ಹಳೆಯ ಮಾರ್ಪಾಡುಗಳೆಲ್ಲ ಒಮ್ಮೆಗೇ ಬಯಲಾಗುತ್ತವೆ.

ರಸ್ತೆಗೆ ಸಲ್ಲದ ಭಾಗಗಳಿಲ್ಲದೆ ಶೋ ಗಾಡಿ ಪೂರ್ಣವಾಗದು ಎನ್ನುವವರು ಅನುಸರಿಸಬಹುದಾದ ದಾರಿಯೂ ಇದೆ. ಬೋಲ್ಟ್ ಹಾಕಿ ಕೂರಿಸಬಹುದಾದ ಬಾರ್, ದೀಪ, ಹಾರ್ನ್‌ಗಳನ್ನು ಲೋಡ್ ಬಾಡಿಯಲ್ಲಿ ಕಟ್ಟಿಕೊಂಡು ಹೋಗಿ, ಮೈದಾನದಲ್ಲಿ ಗಾಡಿ ನಿಲ್ಲಿಸಿದ ಮೇಲೆ ಜೋಡಿಸುವುದು, ಹೊರಡುವ ಮುನ್ನ ಬಿಚ್ಚುವುದು. ಬಿಚ್ಚಲಾಗದಂತೆ ರಚನೆಯೇ ಬದಲಾಗಿದ್ದರೆ ಅದನ್ನು ಓಡಿಸದೆ, ಕಾರು ಸಾಗಿಸುವ ಫ್ಲಾಟ್‌ಬೆಡ್ ಲಾರಿಯ ಮೇಲೆ ಸಾಗಿಸುವುದು. ಬಾಡಿಗೆ ದುಬಾರಿ ಅನಿಸಬಹುದು. ದಂಡದ ಲೆಕ್ಕದ ಎದುರು ಇಟ್ಟು ನೋಡಿದರೆ ಹಾಗನಿಸದು.

ಮೈದಾನದಲ್ಲಿ ಏನು ನೋಡುತ್ತಾರೆ?

ಅರ್ಜಿ ತುಂಬುವಾಗ ಯಾವ ವಿಭಾಗ ಎಂದು ಕೇಳುತ್ತಾರೆ. ಕಂಪನಿ ಬಿಟ್ಟ ರೂಪದಲ್ಲೇ ಇರುವವು, ಸ್ವಲ್ಪ ಬದಲಿಸಿದವು, ಪೂರ್ತಿ ಬದಲಿಸಿದವು ಎಂದು ವಿಂಗಡಿಸುವುದು ಸಾಮಾನ್ಯ. ಆಡಿಯೊಗೆ ಬೇರೆ ವಿಭಾಗವೂ ಇರಬಹುದು. ಬರೀ ಬಣ್ಣ, ರಿಮ್ ಬದಲಿಸಿದ ಪಿಕಪ್ ಅನ್ನು ಆಸೆಗೆ ದೊಡ್ಡ ವಿಭಾಗಕ್ಕೆ ಸೇರಿಸಿದರೆ ಲಕ್ಷಗಟ್ಟಲೆ ಸುರಿದವರ ನಡುವೆ ಕಳೆದುಹೋಗುತ್ತದೆ. ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರದ ಪ್ರತಿಗಳನ್ನು ಕೇಳುವ ಆಯೋಜಕರನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಅವರೇ ಹೆಚ್ಚು ನಂಬಿಕೆಗೆ ಅರ್ಹರು.

ತೀರ್ಪುಗಾರರ ಕಣ್ಣು ಮೊದಲು ಹೋಗುವುದು ಹೊಳಪಿನ ಮೇಲಲ್ಲ, ಸಂದುಗಳ ಮೇಲೆ. ಬಾಗಿಲು ಮತ್ತು ಬಾಡಿಯ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲವಿದೆಯೇ, ಬೆಸುಗೆ ಸಮವಾಗಿದೆಯೇ, ಬಣ್ಣದಲ್ಲಿ ಕಿತ್ತಳೆ ಸಿಪ್ಪೆಯಂಥ ತರಿ ಇದೆಯೇ, ಬಾನೆಟ್ ಕೆಳಗೆ ವೈರುಗಳು ಕ್ಲಿಪ್ಪಿನಲ್ಲಿ ಕೂತಿವೆಯೇ ಅಥವಾ ಟೇಪು ಸುತ್ತಿ ನೇತಾಡುತ್ತಿವೆಯೇ ಎಂದು ನೋಡುತ್ತಾರೆ. ಗಾಡಿಯಡಿ ಬಗ್ಗಿ ನೋಡುವವರೂ ಇರುತ್ತಾರೆ. ಹಿಂದಿನ ವಾರ ಸಕ್ಕರೆ ಚೀಲವೋ ಸಿಮೆಂಟೋ ಹೊತ್ತ ಪಿಕಪ್‌ನ ಚಾಸಿಸ್ ಸಂದಿನಲ್ಲಿ ಸೇರಿದ ಮಣ್ಣು ತೆಗೆಯಲು ಒಂದು ದಿನ ಸಾಲದು. ತೊಳೆದ ಮೇಲೆ ಕನೆಕ್ಟರ್‌ಗಳು ಪೂರ್ತಿ ಒಣಗಬೇಕು. ಶುಕ್ರವಾರ ರಾತ್ರಿ ತೊಳೆದು ಶನಿವಾರ ಬೆಳಗ್ಗೆ ಹೊರಟರೆ ದಾರಿಯಲ್ಲೇ ಗಾಡಿ ನಿಂತೀತು.

ಕೆಲಸ ನಡೆದ ಹಂತಗಳ ಫೋಟೊ ಮತ್ತು ಬಿಡಿಭಾಗಗಳ ಬಿಲ್‌ಗಳನ್ನು ಒಂದು ಫೈಲಿನಲ್ಲಿಟ್ಟು ಗಾಡಿಯ ಪಕ್ಕದಲ್ಲಿಟ್ಟರೆ ಎರಡು ಲಾಭ. ಇದು ನಿಜವಾಗಿ ಯಾರ ಕೈಕೆಲಸ ಎಂಬುದು ತೀರ್ಪುಗಾರರಿಗೆ ತಿಳಿಯುತ್ತದೆ. ವಿಮಾ ಕಂಪನಿಗೆ ಬೆಲೆ ತೋರಿಸಲೂ ಅದೇ ಫೈಲ್ ಬೇಕಾಗುತ್ತದೆ. ನಿಲ್ಲಿಸಿದ ಗಾಡಿಯಲ್ಲಿ ಇಂಧನ ಕಡಿಮೆಯಿರಲಿ. ಕೈಗೆಟಕುವಂತೆ ಅಗ್ನಿಶಾಮಕ ಸಿಲಿಂಡರ್ ಇರಲಿ. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ಎಳೆದ ದಪ್ಪ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಸ್ಪೀಕರ್ ಗೋಡೆ ಕಟ್ಟಿದ ಗಾಡಿಗಳಿಗೆ ಬೆಂಕಿ ತಗಲುವುದು ಹೆಚ್ಚಾಗಿ ಇಂಥ ವೈರಿನಿಂದಲೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಇರುವ ನಿರ್ಬಂಧ ಆಡಿಯೊ ಸ್ಪರ್ಧೆಗೂ ಅನ್ವಯ.

ಟ್ರೋಫಿ ಸಿಗಲಿ ಬಿಡಲಿ, ಸೋಮವಾರ ಬೆಳಗ್ಗೆ ಪಿಕಪ್ ಕಾರ್ಖಾನೆಯ ಗೇಟಿನೆದುರು ಲೋಡಿಗೆ ಸರದಿ ನಿಲ್ಲಬೇಕು. ವರ್ಷ ತಿರುಗುವುದರೊಳಗೆ ಎಫ್‌ಸಿ, ಅಂದರೆ ಆ ಭಾಗದ ಚಾಲಕರ ಬಾಯಲ್ಲಿ ‘ಪಾಸಿಂಗ್’, ಬರಬಹುದು. ಸಾರಿಗೆ ವಾಹನಕ್ಕೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅದು ಬೇಕು. ಆದ್ದರಿಂದ ಬಿಚ್ಚಿದ ಮೂಲ ಬಂಪರ್, ಸೈಲೆನ್ಸರ್, ಸ್ಪ್ರಿಂಗ್ ಪಟ್ಟಿ, ಟೈರ್‌ಗಳನ್ನು ಗ್ಯಾರೇಜಿನವರಿಗೆ ಗುಜರಿ ಬೆಲೆಗೆ ಬಿಟ್ಟುಕೊಡದೆ, ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಮನೆಯಲ್ಲೇ ಇಟ್ಟುಕೊಳ್ಳುವುದು ಒಳಿತು. ಪಾಸಿಂಗ್‌ಗೆ ಹೋಗುವಾಗ ಅವೇ ಬೇಕಾಗುತ್ತವೆ.